ನಮ್ಮೂರಿಗೆ ಬಂದಿದ್ದ ಯೂನಿವರ್ಸಿಟಿ

ನಾನು ಮೈಸೂರು ವಿಶ್ವವಿದ್ಯಾಲಯಕ್ಕೆ ಸೇರಿದ್ದು 1993ರಲ್ಲಿ. ಆದರೆ ಅದಕ್ಕೂ ಐವತ್ತು ವರ್ಷ ಮೊದಲೇ ಅದು ನಮ್ಮ ಮನೆಗೆ ಬಂದಿತ್ತು. ತಾತನ ಟ್ರಂಕಿನಲ್ಲಿ ಕೂತಿತ್ತು.

ನಮ್ಮೂರು ತಿ. ನರಸೀಪುರ ತಾಲ್ಲೂಕಿನ ಒಂದು ಸಣ್ಣ ಹಳ್ಳಿ. ತಾತನ ಟ್ರಂಕಿನಲ್ಲಿ ಇದ್ದದ್ದು ಜಮೀನಿನ ಪತ್ರ, ಕಂದಾಯದ ರಸೀದಿಗಳು, ಹಳೇ ಪಂಚಾಂಗ. ಜೊತೆಗೆ ಒಂದು ತೆಳ್ಳನೆ ಪುಸ್ತಕ. ಮುಖಪುಟ ಹರಿದುಹೋಗಿತ್ತು. ಒಳಗೆ ನಕ್ಷತ್ರಗಳ ಬಗ್ಗೆ ಬರೆದಿತ್ತು. ಯಾವುದೋ ಕಾಲದಲ್ಲಿ ಮೈಸೂರಿನಿಂದ ಕಾಲೇಜಿನ ಮೇಷ್ಟ್ರೊಬ್ಬರು ತಾಲ್ಲೂಕಿಗೆ ಬಂದು ಸಂಜೆ ಹೊತ್ತು ಮಾತಾಡಿದ್ದರಂತೆ. ತಾತ ಗಾಡಿ ಕಟ್ಟಿಕೊಂಡು ಹೋಗಿ ಕೇಳಿದ್ದರಂತೆ. ಕೆಲವೇ ಆಣೆ ಕೊಟ್ಟು ಪುಸ್ತಕ ತಂದಿದ್ದರು. ನಾಲ್ಕನೇ ಕ್ಲಾಸಿನವರೆಗೆ ಮಾತ್ರ ಓದಿದ್ದ ತಾತ ಅದನ್ನು ಎಷ್ಟು ಸಲ ಓದಿದ್ದರೋ! ಬೇಸಿಗೆಯಲ್ಲಿ ಕಣದಲ್ಲಿ ಮಲಗಿದಾಗ ನನಗೆ ಹೇಳೋರು, "ಬೆಳ್ಳಿಚುಕ್ಕಿ ಅಂತೀವಲ್ಲ, ಅದು ಚುಕ್ಕಿ ಅಲ್ಲ ಕಣವ್ವ. ನಮ್ಮ ಭೂಮಿ ಥರಾನೇ ಒಂದು ಗ್ರಹ. ಯೂನಿವರ್ಸಿಟಿಯೋರು ಹೇಳವ್ರೆ."

ಯೂನಿವರ್ಸಿಟಿಯೋರು ಹೇಳವ್ರೆ. ನನಗಾಗ ಏಳೋ ಎಂಟೋ ವರ್ಷ. ಆ ಪದ ನನ್ನ ಕಿವಿಗೆ ಬಿದ್ದದ್ದೇ ಹಾಗೆ. ಅದು ಒಂದು ಕಟ್ಟಡ ಅಂತ ನನಗೆ ಅನಿಸಿರಲೇ ಇಲ್ಲ. ದೂರದಿಂದ ಬಂದು ನಿಜ ಹೇಳಿ ಹೋಗುವ ನೆಂಟರು ಯಾರೋ ಇರಬೇಕು ಅಂದುಕೊಂಡಿದ್ದೆ.

ಅದು ಪ್ರಚಾರೋಪನ್ಯಾಸ ಮಾಲೆಯ ಪುಸ್ತಕ ಅಂತ ತಿಳಿದದ್ದು ಎಂ.ಎ. ಓದುವಾಗ. ಮೈಸೂರು ವಿಶ್ವವಿದ್ಯಾಲಯ 1933ರಲ್ಲಿ ಈ ಕೆಲಸ ಶುರು ಮಾಡಿತು. ಪ್ರಾಧ್ಯಾಪಕರು ಊರೂರಿಗೆ ಹೋಗಿ ಕನ್ನಡದಲ್ಲಿ ಉಪನ್ಯಾಸ ಕೊಡಬೇಕು. ಆಮೇಲೆ ಅದನ್ನು ಪುಟ್ಟ ಪುಸ್ತಕ ಮಾಡಿ ಕಡಿಮೆ ಬೆಲೆಗೆ ಮಾರಬೇಕು. ಸಾಹಿತ್ಯ, ಇತಿಹಾಸ, ವಿಜ್ಞಾನ, ಆರೋಗ್ಯ, ಎಲ್ಲವೂ ಆ ಪುಸ್ತಕಗಳಲ್ಲಿ ಬಂದವು. ಇದೇ ಮುಂದೆ ವಿಶ್ವವಿದ್ಯಾಲಯದ ಪುಸ್ತಕ ಪ್ರಕಟಿಸುವ ವಿಭಾಗ, ಪ್ರಸಾರಾಂಗವಾಯಿತು. ಯೋಚಿಸಿ ನೋಡಿ. ತರಗತಿಯಲ್ಲಿ ಆ ಮೇಷ್ಟ್ರುಗಳು ಪಾಠ ಮಾಡುತ್ತಿದ್ದದ್ದು ಇಂಗ್ಲಿಷಿನಲ್ಲಿ. ಅದೇ ವಿಷಯವನ್ನು ಹೊಲದಿಂದ ಎದ್ದು ಬಂದು ಕೂತವರಿಗೆ ಕನ್ನಡದಲ್ಲಿ ಹೇಳಬೇಕು. ಎಷ್ಟೋ ವಿಷಯಗಳಿಗೆ ಕನ್ನಡದಲ್ಲಿ ಪದವೇ ಇರಲಿಲ್ಲ. ಅಲ್ಲೇ ಕಟ್ಟಿಕೊಳ್ಳಬೇಕಿತ್ತು. ಆ ವಿಶ್ವವಿದ್ಯಾಲಯ ಮಾಡಿದ ದೊಡ್ಡ ಕೆಲಸ ಯಾವುದು ಅಂತ ಯಾರಾದರೂ ಕೇಳಿದರೆ ನಾನು ಇದನ್ನೇ ಹೇಳುತ್ತೇನೆ.

ಎರಡನೇ ಸಲ ಯೂನಿವರ್ಸಿಟಿ ನಮ್ಮ ತಾಲ್ಲೂಕಿಗೆ ಬಂದದ್ದು ಸಲಿಕೆ, ಕರಣೆ ಹಿಡಿದುಕೊಂಡು.

ತಿ. ನರಸೀಪುರದಲ್ಲಿ ಕಾವೇರಿ, ಕಪಿಲಾ ಸೇರುವ ಜಾಗದ ಹತ್ತಿರ 1959ರಿಂದ 1965ರ ನಡುವೆ ಉತ್ಖನನ ನಡೆಯಿತು. ಪ್ರಾಧ್ಯಾಪಕ ಎಂ. ಶೇಷಾದ್ರಿ ಅದರ ಮುಂದಾಳು. ನವಶಿಲಾಯುಗದ ಜನ ಬದುಕಿದ್ದ ನೆಲೆ ಅದು. ನುಣುಪು ಮಾಡಿದ ಕಲ್ಲಿನ ಕೊಡಲಿ, ಬೂದು ಬಣ್ಣದ ಮಡಕೆ, ಸತ್ತವರನ್ನು ಹೂತ ಗುಂಡಿಗಳು ಸಿಕ್ಕವು. ಜೊತೆಗೆ ಒಂದು ಅಪರೂಪದ ವಸ್ತು, ಸುಟ್ಟ ಮಣ್ಣಿನಲ್ಲಿ ಮಾಡಿದ ತಲೆದಿಂಬು. ಮಲಗುವಾಗ ಕುತ್ತಿಗೆಗೆ ಆಸರೆಯಾಗಿ ಇಟ್ಟುಕೊಳ್ಳುವಂಥದ್ದು. ಇಂಥದ್ದೇ ಪಕ್ಕದ ಹೆಮ್ಮಿಗೆಯಲ್ಲೂ ಸಿಕ್ಕಿದೆ. ಈ ಬಗೆಯ ದಿಂಬು ಹಳೇ ಈಜಿಪ್ಟಿನಲ್ಲಿ ಬಳಕೆಯಲ್ಲಿತ್ತು. ನಮ್ಮ ಹೊಳೆ ದಂಡೆಗೆ ಅದು ಹೇಗೆ ಬಂತು ಅನ್ನುವ ಪ್ರಶ್ನೆ ನನ್ನನ್ನು ಇವತ್ತಿಗೂ ಬಿಟ್ಟಿಲ್ಲ.

ಆ ಅಗೆತಕ್ಕೆ ನಮ್ಮ ದೊಡ್ಡಪ್ಪ ಕೂಲಿಗೆ ಹೋಗಿದ್ದರು. ಆಗ ಅವರಿಗೆ ಇಪ್ಪತ್ತರ ಪ್ರಾಯ. "ನೆಲ ಅಗಿಯೋಕೆ ಕರೆದ್ರಲ್ಲ ಅಂತ ಜೋರಾಗಿ ಗುದ್ದಲಿ ಎತ್ತಿದ್ರೆ ಬೈಯೋರು. ಮಗೀನ ಮೈ ಒರೆಸಿದಂಗೆ ಮಣ್ಣು ಕೆರೀಬೇಕು ಅನ್ನೋರು. ನಾವು ಬೋಕಿ ಚೂರು ಅಂತ ಎಸೆಯೋದನ್ನ ಆ ಕಾಲೇಜು ಹುಡುಗರು ಎತ್ಕೊಂಡು, ತೊಳೆದು, ನಂಬರ್ ಬರೆಯೋರು." ಈ ಕಥೆಯನ್ನು ದೊಡ್ಡಪ್ಪ ಪ್ರತೀ ಹಬ್ಬಕ್ಕೂ ಹೇಳುತ್ತಿದ್ದರು. ಮಹಾರಾಣಿ ಕಾಲೇಜಿನಲ್ಲಿ ಬಿ.ಎ. ಮುಗಿಸಿ ಮುಂದೇನು ಅಂತ ಕೂತಾಗ ನನಗೆ ನೆನಪಾದದ್ದು ಅದೇ ನಂಬರ್ ಬರೆದ ಬೋಕಿ. ಪ್ರಾಚೀನ ಇತಿಹಾಸ ಮತ್ತು ಪುರಾತತ್ವಕ್ಕೆ ಅರ್ಜಿ ಹಾಕಿದೆ. ಓದಿ ಏನು ಮಾಡ್ತೀಯ ಅಂತ ಊರಲ್ಲಿ ಎಲ್ಲರೂ ಕೇಳಿದರು. ದೊಡ್ಡಪ್ಪ ಮಾತ್ರ ಕೇಳಲಿಲ್ಲ.

ವಿಶ್ವವಿದ್ಯಾಲಯದ ಕ್ಯಾಂಪಸ್ಸು ಮಾನಸಗಂಗೋತ್ರಿಗೆ ಮೊದಲ ದಿನ ಹೋದಾಗ ನನಗೆ ಗೇಟು, ಗೋಡೆ ಕಾಣಲೇ ಇಲ್ಲ. ಮರಗಳು ಕಂಡವು. ಒಂದು ಮಗ್ಗುಲಿಗೆ ಕುಕ್ಕರಹಳ್ಳಿ ಕೆರೆ. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1864ರಲ್ಲಿ ಕಟ್ಟಿಸಿದ್ದು. ಏರಿ ಮೇಲೆ ನಡೆದರೆ ಹೆಜ್ಜಾರ್ಲೆಗಳು, ನೀರುಕಾಗೆಗಳು. ಹಿಂದೆ ಇದೇ ಕೆರೆ ದಂಡೆಯಲ್ಲಿ ಕುವೆಂಪು ದಿನಾ ನಡೆದಾಡುತ್ತಿದ್ದರು. ಈ ಕೆರೆ ಮೇಲೆ ಕವನ ಬರೆದಿದ್ದಾರೆ. 1956ರಿಂದ 1960ರವರೆಗೆ ಕುಲಪತಿಯಾಗಿದ್ದಾಗ ಸ್ನಾತಕೋತ್ತರ ವಿಭಾಗಗಳನ್ನೆಲ್ಲ ಒಂದೆಡೆ ತರಲು ಅವರು ಆರಿಸಿಕೊಂಡದ್ದು ಕೆರೆಯ ಆಚೆ ದಡವನ್ನೇ. ಮಾನಸಗಂಗೋತ್ರಿ ಅಂತ ಹೆಸರಿಟ್ಟವರೂ ಅವರೇ. ನಾವು ಯಾರೂ ಪೂರ್ತಿ ಹೆಸರು ಹೇಳುತ್ತಿರಲಿಲ್ಲ. ಸುಮ್ನೆ ಗಂಗೋತ್ರಿ ಅನ್ನುತ್ತಿದ್ದೆವು. ಬಸ್ಸಿನ ಕಂಡಕ್ಟರಿಗೂ ಅದೇ ಹೆಸರು.

ಕುವೆಂಪು ಇದೇ ವಿಶ್ವವಿದ್ಯಾಲಯದ ವಿದ್ಯಾರ್ಥಿ. ಇಲ್ಲಿ ಓದಿ ಇಲ್ಲೇ ಕುಲಪತಿಯಾದವರಲ್ಲಿ ಮೊದಲಿಗರು. ಅವರ ಓದಿನ ಕಥೆಯಲ್ಲೇ ಈ ವಿಶ್ವವಿದ್ಯಾಲಯದ ಒಂದು ಕೊರತೆ, ಅದು ತುಂಬಿದ ಬಗೆ ಎರಡೂ ಇದೆ.

ಮೊದಲು ಕೊರತೆಯ ಮಾತು. 1916ರವರೆಗೆ ಮೈಸೂರು ಸಂಸ್ಥಾನದಲ್ಲಿ ಯಾರೇ ಪದವಿ ಪಡೆದರೂ ಅದರ ಮೇಲೆ ಮದ್ರಾಸಿನ ಮುದ್ರೆ ಇರುತ್ತಿತ್ತು. ದಿವಾನರಾಗಿದ್ದ ವಿಶ್ವೇಶ್ವರಯ್ಯನವರು ತಾವೂ ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದಿ ಮದ್ರಾಸಿನ ಪದವಿ ಪಡೆದವರು. ನಾಲ್ವಡಿ ಕೃಷ್ಣರಾಜ ಒಡೆಯರು, ವಿಶ್ವೇಶ್ವರಯ್ಯ ಇಬ್ಬರೂ ಹಟ ಹಿಡಿದು 1916ರ ಜುಲೈ 27ರಂದು ವಿಶ್ವವಿದ್ಯಾಲಯ ತೆರೆದರು. ದೇಶದಲ್ಲಿ ಬ್ರಿಟಿಷರ ನೇರ ಆಳ್ವಿಕೆಯ ಹೊರಗೆ ಹುಟ್ಟಿದ ಮೊದಲನೆಯದು ಅದು. ಮಹಾರಾಜ ಕಾಲೇಜು ಮತ್ತು ಸೆಂಟ್ರಲ್ ಕಾಲೇಜು ಅದರ ಎರಡು ಕಾಲುಗಳು. ಮೊದಲ ಕುಲಪತಿ ಎಚ್.ವಿ. ನಂಜುಂಡಯ್ಯ. ಅದಕ್ಕೆ ಒಂದು ವರ್ಷ ಮೊದಲು ಹುಟ್ಟಿದ್ದ ಕನ್ನಡ ಸಾಹಿತ್ಯ ಪರಿಷತ್ತಿನ ಮೊದಲ ಅಧ್ಯಕ್ಷರೂ ಅವರೇ.

ಇಷ್ಟೆಲ್ಲ ಇದ್ದರೂ ಕನ್ನಡದಲ್ಲಿ ಎಂ.ಎ. ಮಾಡಲು ಅವಕಾಶ ಸಿಕ್ಕಿದ್ದು 1927ರಲ್ಲಿ. ಕನ್ನಡನಾಡಿನ ವಿಶ್ವವಿದ್ಯಾಲಯಕ್ಕೆ ಹನ್ನೊಂದು ವರ್ಷ ಬೇಕಾಯಿತು. ಅದೇ ವರ್ಷ ಕುಪ್ಪಳಿಯ ಪುಟ್ಟಪ್ಪ ಮಹಾರಾಜ ಕಾಲೇಜಿನಲ್ಲಿ ಬಿ.ಎ. ಮುಗಿಸಿದ್ದರು. ಓದಿದ್ದು ತತ್ವಶಾಸ್ತ್ರ. ಟಿ.ಎಸ್. ವೆಂಕಣ್ಣಯ್ಯನವರು ಕನ್ನಡ ಎಂ.ಎ.ಗೆ ಸೇರು ಅಂತ ಒತ್ತಾಯ ಮಾಡದೇ ಹೋಗಿದ್ದರೆ ಏನಾಗುತ್ತಿತ್ತೋ. ಒಬ್ಬ ಮೇಷ್ಟ್ರು ಒಬ್ಬ ಹುಡುಗನನ್ನು ಕೂರಿಸಿಕೊಂಡು ಹೇಳಿದ ಮಾತು ನಾಡಿನ ದಾರಿಯನ್ನೇ ಬದಲಿಸಿತು. 1929ರಲ್ಲಿ ಆ ಹುಡುಗ ಅಲ್ಲೇ ಅಧ್ಯಾಪಕನಾದ.

ಮೇಷ್ಟ್ರುಗಳ ವಿಷಯದಲ್ಲಿ ಆ ಕಾಲ ನಿಜಕ್ಕೂ ಶ್ರೀಮಂತ. 1918ರಿಂದ ಮೂರು ವರ್ಷ ರಾಧಾಕೃಷ್ಣನ್ ಮಹಾರಾಜ ಕಾಲೇಜಿನಲ್ಲಿ ತತ್ವಶಾಸ್ತ್ರ ಹೇಳಿಕೊಟ್ಟರು. 1921ರಲ್ಲಿ ಕಲ್ಕತ್ತೆಗೆ ಹೊರಟಾಗ ಹುಡುಗರು ಸಾರೋಟಿನ ಕುದುರೆ ಬಿಚ್ಚಿ ರೈಲ್ವೆ ಸ್ಟೇಷನ್ನಿನವರೆಗೆ ತಾವೇ ಎಳೆದುಕೊಂಡು ಹೋದರು. ಅವರು ಹೋದ ವರ್ಷವೇ ಕಲ್ಕತ್ತೆಯಿಂದ ಬ್ರಜೇಂದ್ರನಾಥ ಸೀಲ್ ಕುಲಪತಿಯಾಗಿ ಬಂದರು. ಹಿರಿಯಣ್ಣ, ಬಿಎಂಶ್ರೀ, ಎ.ಆರ್. ಕೃಷ್ಣಶಾಸ್ತ್ರಿ ಎಲ್ಲರೂ ಪಾಠ ಮಾಡುತ್ತಿದ್ದ ಕಾಲ ಅದು. ಈ ಹೆಸರುಗಳನ್ನು ಭಾಷಣಗಳಲ್ಲಿ ಸಾಕಷ್ಟು ಹೇಳುತ್ತಾರೆ. ನಾನು ಬೆಳೆಸುವುದಿಲ್ಲ.

ನನ್ನನ್ನು ಹಿಡಿದು ನಿಲ್ಲಿಸಿದ ಹೆಸರು ಬೇರೆ, ಆರ್. ಶಾಮಶಾಸ್ತ್ರಿ. ಎಂ.ಎ. ಮೊದಲ ವರ್ಷ ನಮ್ಮನ್ನು ಪ್ರಾಚ್ಯವಿದ್ಯಾ ಸಂಶೋಧನಾಲಯಕ್ಕೆ ಕರೆದುಕೊಂಡು ಹೋದರು. 1891ರಲ್ಲಿ ಓರಿಯೆಂಟಲ್ ಲೈಬ್ರರಿ ಅಂತ ಶುರುವಾಗಿ, ಆಮೇಲೆ ವಿಶ್ವವಿದ್ಯಾಲಯಕ್ಕೆ ಸೇರಿದ್ದು. ಒಳಗೆ ಕಾಲಿಟ್ಟ ಕೂಡಲೇ ಒಂದು ಘಾಟು ವಾಸನೆ. ತಾಳೆಗರಿಗೆ ಹುಳು ಹತ್ತದಿರಲಿ ಅಂತ ಹಚ್ಚುವ ಹುಲ್ಲಿನ ಎಣ್ಣೆ. 1905ರಲ್ಲಿ ತಂಜಾವೂರು ಕಡೆಯ ಒಬ್ಬ ಪಂಡಿತರು ಒಂದು ತಾಳೆಗರಿ ಕಟ್ಟನ್ನು ಇಲ್ಲಿಗೆ ತಂದು ಕೊಟ್ಟರು. ಗ್ರಂಥ ಲಿಪಿಯಲ್ಲಿ ಇತ್ತು. ಗ್ರಂಥಪಾಲರಾಗಿದ್ದ ಶಾಮಶಾಸ್ತ್ರಿಗಳು ಓದಿ ನೋಡಿದರೆ ಅದು ಕೌಟಿಲ್ಯನ ಅರ್ಥಶಾಸ್ತ್ರ! ಅಲ್ಲಿಯವರೆಗೆ ಹೆಸರು ಮಾತ್ರ ಗೊತ್ತಿದ್ದ ಪುಸ್ತಕ. 1909ರಲ್ಲಿ ಅಚ್ಚು ಮಾಡಿಸಿದರು. ಹಳೇ ಭಾರತದ ರಾಜ್ಯಾಡಳಿತದ ಬಗ್ಗೆ ಜಗತ್ತು ಯೋಚಿಸುವ ರೀತಿಯೇ ಆಮೇಲೆ ಬದಲಾಯಿತು.

ತಂದುಕೊಟ್ಟ ಆ ಪಂಡಿತರ ಬಗ್ಗೆ ನಾನು ಜಾಸ್ತಿ ಯೋಚಿಸುತ್ತೇನೆ. ಮನೆಯಲ್ಲಿ ಇಟ್ಟುಕೊಳ್ಳಬಹುದಿತ್ತು. ಇಲ್ಲಿ ಕೊಟ್ಟರೆ ಯಾರೋ ಓದುತ್ತಾರೆ ಅನ್ನುವ ನಂಬಿಕೆ ಇತ್ತಲ್ಲ! ಜನ ತಮ್ಮ ಹತ್ತಿರ ಇರುವುದನ್ನು ತಂದು ಕೊಡಬೇಕು ಅನ್ನಿಸುವಂಥ ಜಾಗಗಳು ನಮ್ಮಲ್ಲಿ ಎಷ್ಟಿವೆ?

ಗಂಗೋತ್ರಿಯ ಒಳಗೆ ಜಯಲಕ್ಷ್ಮಿ ವಿಲಾಸ ಅನ್ನುವ ಅರಮನೆ ಇದೆ. ರಾಜಕುಮಾರಿ ಜಯಲಕ್ಷ್ಮಮ್ಮಣ್ಣಿಯವರಿಗಾಗಿ ಕಟ್ಟಿದ್ದು. ಆಗ ಆ ಅರಮನೆಯಲ್ಲಿ ಇದ್ದದ್ದು ಜಾನಪದ ವಸ್ತುಸಂಗ್ರಹಾಲಯ. ತೊಗಲುಗೊಂಬೆ, ಸೋಮನ ಮುಖ, ಕೂರಿಗೆ, ಕೊಳಗ, ಬೀಸುವ ಕಲ್ಲು. ಅರವತ್ತರ ದಶಕದ ಕೊನೆಯಲ್ಲಿ ಜಾನಪದ ವಿದ್ವಾಂಸ ಜೀ.ಶಂ. ಪರಮಶಿವಯ್ಯ, ಕಲಾವಿದ ಪಿ.ಆರ್. ತಿಪ್ಪೇಸ್ವಾಮಿಯಂಥವರು ಹಳ್ಳಿ ಹಳ್ಳಿ ಸುತ್ತಿ ತಂದ ವಸ್ತುಗಳು. ಎರಡನೇ ವರ್ಷ ಅವ್ವ ಮೈಸೂರಿಗೆ ಬಂದಾಗ ಅಲ್ಲಿಗೆ ಕರೆದುಕೊಂಡು ಹೋದೆ. ಒಂದು ಮೊರದ ಮುಂದೆ ಅವ್ವ ತುಂಬ ಹೊತ್ತು ನಿಂತರು. "ಇದು ನಮ್ಮನೇಲೂ ಐತಲ್ಲ. ಇದನ್ಯಾಕೆ ಅರಮನೇಲಿ ಇಟ್ಟವ್ರೆ?" ಅಂದರು. ನಾನು ಏನೋ ದೊಡ್ಡದಾಗಿ ವಿವರಿಸಲು ಹೋದೆ. ಅವ್ವ ಕೇಳಿಸಿಕೊಳ್ಳಲಿಲ್ಲ. ಊರಿಗೆ ಹೋದ ಮೇಲೆ ಹಿತ್ತಲಲ್ಲಿ ಬಿದ್ದಿದ್ದ ಹಳೇ ಮೊರ ತೆಗೆದು, ಸಗಣಿ ಸಾರಿಸಿ, ಒಳಗೆ ಗೋಡೆಗೆ ತೂಗುಹಾಕಿದರು.

ಓದು ಹೇಗಿತ್ತು ಅಂದರೆ, ಮೊದಲ ಆರು ತಿಂಗಳು ನನಗೆ ಬರೀ ಹೆದರಿಕೆ. ಪುಸ್ತಕಗಳೆಲ್ಲ ಇಂಗ್ಲಿಷು. ಒಂದು ಪುಟಕ್ಕೆ ಹತ್ತು ಸಲ ನಿಘಂಟು ತೆಗೆಯುತ್ತಿದ್ದೆ. ಆ ನಿಘಂಟೂ ಇದೇ ವಿಶ್ವವಿದ್ಯಾಲಯದ್ದೇ. 1946ರಲ್ಲಿ ಮೊದಲು ಬಂದ ಇಂಗ್ಲಿಷ್-ಕನ್ನಡ ನಿಘಂಟು. ಲೈಬ್ರರಿಯ ಮೂಲೆಯಲ್ಲಿ ಅದು ಬಿಚ್ಚಿಕೊಂಡೇ ಇರುತ್ತಿತ್ತು. ಪುಟದ ಅಂಚುಗಳು ಬೆರಳು ತಾಗಿ ಕಂದಾಗಿದ್ದವು. ನನ್ನಂಥವರು ಎಷ್ಟು ಜನ ಬಂದು ಹೋಗಿದ್ದಾರೆ ಅಂತ ಆ ಕಂದು ಬಣ್ಣ ನೋಡಿದರೆ ತಿಳಿಯುತ್ತಿತ್ತು. ನನಗೆ ಧೈರ್ಯ ಕೊಟ್ಟದ್ದು ಆ ಅಂಚುಗಳೇ.

ಒಂದು ದಿನ ತರಗತಿಯಲ್ಲಿ ದಕ್ಷಿಣದ ನವಶಿಲಾಯುಗದ ಪಾಠ. ಮೇಷ್ಟ್ರು ತಿ. ನರಸೀಪುರದ ವರದಿ ತೆಗೆದರು. 1971ರಲ್ಲಿ ಅಚ್ಚಾದದ್ದು. 'ಹೆಡ್‌ರೆಸ್ಟ್' ಅಂದರು. ನನಗೆ ಆ ಪದ ತಿಳಿಯಲಿಲ್ಲ. ಚಿತ್ರ ತೋರಿಸಿ "ತಲೆದಿಂಬು ಕಣಮ್ಮ" ಅಂದರು. ನಾನು ಎದ್ದು ನಿಂತೆ. "ಸಾರ್, ಆ ಗುಂಡಿ ಅಗೆಯೋಕೆ ನಮ್ಮ ದೊಡ್ಡಪ್ಪ ಹೋಗಿದ್ರು" ಅಂದೆ. ತರಗತಿ ನಗುತ್ತದೆ ಅಂದುಕೊಂಡಿದ್ದೆ. ಯಾರೂ ನಗಲಿಲ್ಲ. ಮೇಷ್ಟ್ರು ಪುಸ್ತಕ ಮುಚ್ಚಿಟ್ಟು, "ಅವರು ಏನು ಹೇಳುತ್ತಿದ್ದರು, ಹೇಳು" ಅಂದರು. ಆ ಗಂಟೆ ಪೂರ್ತಿ ನಾನು ದೊಡ್ಡಪ್ಪನ ಮಾತಲ್ಲೇ ಹೇಳಿದೆ. ಮಗೀನ ಮೈ ಒರೆಸಿದಂಗೆ ಮಣ್ಣು ಕೆರೀಬೇಕು ಅನ್ನುವುದನ್ನು ಮೇಷ್ಟ್ರು ತಮ್ಮ ನೋಟ್ಸಿನಲ್ಲಿ ಬರೆದುಕೊಂಡರು. ಅವತ್ತಿನಿಂದ ನನ್ನ ಹೆದರಿಕೆ ಹೋಯಿತು. ಪರೀಕ್ಷೆಯನ್ನು ಕನ್ನಡದಲ್ಲೇ ಬರೆದೆ. ಕನ್ನಡದಲ್ಲಿ ಎಲ್ಲ ವಿಷಯ ಕಲಿಸಬೇಕು, ಅದಕ್ಕೆ ಪುಸ್ತಕ ಬರೆಸಬೇಕು ಅಂತ ಕುವೆಂಪು ಹೋರಾಡಿದ್ದು ಯಾರಿಗಾಗಿ ಅಂತ ಆಗ ಅರ್ಥವಾಯಿತು.

ಹಾಸ್ಟೆಲಿನಲ್ಲಿ ಒಂದು ರೂಮಿಗೆ ಮೂವರು. ಒಬ್ಬಳು ಕೊಳ್ಳೇಗಾಲದ ಕಡೆಯವಳು, ಗಣಿತ. ಇನ್ನೊಬ್ಬಳು ಅರಸೀಕೆರೆಯವಳು, ಸಸ್ಯಶಾಸ್ತ್ರ. ಮೆಸ್ಸಿನಲ್ಲಿ ಮಧ್ಯಾಹ್ನ ಮುದ್ದೆ, ಬಸ್ಸಾರು. ತಿಂಗಳ ಕೊನೆಗೆ ಖರ್ಚನ್ನು ಎಲ್ಲರೂ ಹಂಚಿಕೊಳ್ಳುವ ಪದ್ಧತಿ. ಅದಕ್ಕೇ ಹಬ್ಬದಡುಗೆ ಯಾವಾಗ ಮಾಡಬೇಕು ಅನ್ನುವುದು ದೊಡ್ಡ ಚರ್ಚೆಯ ವಿಷಯ. ಸ್ಕಾಲರ್‌ಶಿಪ್ ಬಂದ ವಾರ ಕಲಾಮಂದಿರದ ಕಡೆ ನಡೆದು ಹೋಗಿ ರಂಗಾಯಣದ ನಾಟಕ ನೋಡುತ್ತಿದ್ದೆವು. ನಾಟಕ ಅಂದರೆ ಊರ ಹಬ್ಬದ ಸೀನರಿ ನಾಟಕ ಅಂತ ತಿಳಿದಿದ್ದ ನನಗೆ ಅದು ಬೇರೆಯೇ ಲೋಕ. ವಾಪಸ್ ಬರುವಾಗ ದಾರಿಯುದ್ದಕ್ಕೂ ಜಗಳ. ಗಣಿತದವಳಿಗೆ ನಾಟಕ ಹಿಡಿಸಿದರೆ ಸಸ್ಯಶಾಸ್ತ್ರದವಳಿಗೆ ಹಿಡಿಸುತ್ತಿರಲಿಲ್ಲ. ಪ್ರಸಾರಾಂಗದಲ್ಲಿ ಅರ್ಧ ಬೆಲೆಗೆ ಪುಸ್ತಕ ಮಾರುವ ದಿನಗಳಿಗಾಗಿ ದುಡ್ಡು ಕೂಡಿಡುತ್ತಿದ್ದೆವು. ಮೂವರೂ ಸೇರಿ ಒಂದೇ ಪ್ರತಿ ಕೊಂಡು, ಯಾರು ಮನೆಗೆ ಒಯ್ಯಬೇಕು ಅಂತ ಚೀಟಿ ಎತ್ತಿದ್ದೂ ಉಂಟು.

ಎಲ್ಲರಿಗೂ ಆ ಜಾಗ ಅಷ್ಟು ಸಲೀಸಾಗಿ ಸಿಗಲಿಲ್ಲ ಅನ್ನುವುದನ್ನೂ ಹೇಳಬೇಕು. 1973ರಲ್ಲಿ ಮಂತ್ರಿಯಾಗಿದ್ದ ಬಿ. ಬಸವಲಿಂಗಪ್ಪನವರು ಮೈಸೂರಿನಲ್ಲಿ ಕನ್ನಡ ಸಾಹಿತ್ಯದ ಬಗ್ಗೆ ಆಡಿದ 'ಬೂಸಾ' ಅನ್ನುವ ಮಾತಿಗೆ ಗಲಾಟೆ ಎದ್ದಿತು. ಅವರು ಮಂತ್ರಿ ಪದವಿ ಬಿಡಬೇಕಾಯಿತು. ಹಲವು ಕಡೆ ದಲಿತ ವಿದ್ಯಾರ್ಥಿಗಳ ಮೇಲೆ ಹಲ್ಲೆಯಾಯಿತು. ಆ ನೋವಿನಿಂದಲೇ ದಲಿತ ಸಂಘರ್ಷ ಸಮಿತಿಯ ದಾರಿ ತೆರೆಯಿತು. ನಾವು ಓದುವ ಹೊತ್ತಿಗೆ ಇಪ್ಪತ್ತು ವರ್ಷ ಕಳೆದಿತ್ತು. ಆದರೂ ಹಾಸ್ಟೆಲಿನ ಹಿರಿಯರು ಅದನ್ನು ನಿನ್ನೆ ನಡೆದಂತೆ ಹೇಳುತ್ತಿದ್ದರು. ಪುಸ್ತಕ ಯಾರದು, ಭಾಷೆ ಯಾರದು ಅನ್ನುವ ಪ್ರಶ್ನೆಯನ್ನು ನಾನು ಮೊದಲು ಕೇಳಿಸಿಕೊಂಡದ್ದು ತರಗತಿಯಲ್ಲಲ್ಲ, ಕ್ಯಾಂಟೀನಿನ ಹೊರಗಿನ ಕಲ್ಲುಬೆಂಚಿನ ಮೇಲೆ. ಆ ಮಾತುಗಳಿಗೂ ನಾನು ಋಣಿ.

ಪದವಿ ಪತ್ರ ಮನೆಗೆ ತಂದಾಗ ಅವ್ವ ಅದರ ಮೇಲಿನ ಗಂಡಭೇರುಂಡ ಸವರಿ, "ಇದು ಬಸ್ಸಿನ ಮೇಲಿರೋ ಹಕ್ಕಿ ಅಲ್ವಾ?" ಅಂದರು. ಹೌದು, ಅದೇ ಹಕ್ಕಿ. ಕೆಳಗೆ ಬರೆದಿರುವುದೇನು ಅಂತ ಕೇಳಿದರು. 'ನ ಹಿ ಜ್ಞಾನೇನ ಸದೃಶಂ' ಅಂತ ಓದಿ, ತಿಳಿವಳಿಕೆಗೆ ಸಮನಾದದ್ದು ಬೇರೆ ಇಲ್ಲ ಅಂತ ಅರ್ಥ ಹೇಳಿದೆ. ತಾತ ಆಗ ಇರಲಿಲ್ಲ. ಅವ್ವ ಆ ಪತ್ರವನ್ನು ತಾತನ ಟ್ರಂಕಿನಲ್ಲಿ, ನಕ್ಷತ್ರದ ಪುಸ್ತಕದ ಪಕ್ಕದಲ್ಲೇ ಇಟ್ಟರು.

ಈಗ ನಾನು ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಕಲಿಸುತ್ತೇನೆ. ಮೈಸೂರು ವಿಶ್ವವಿದ್ಯಾಲಯ ನೂರು ದಾಟಿದೆ. ಅದರ ಮೈಯಿಂದಲೇ ಬೇರೆ ವಿಶ್ವವಿದ್ಯಾಲಯಗಳು ಹುಟ್ಟಿವೆ. 1964ರಲ್ಲಿ ಬೆಂಗಳೂರು, 1980ರಲ್ಲಿ ಮಂಗಳೂರು, 1987ರಲ್ಲಿ ಕುವೆಂಪು. ಈಚೆಗೆ ಮಂಡ್ಯ, ಹಾಸನ, ಚಾಮರಾಜನಗರ. ಆದರೆ ರಾಜ್ಯದ ಸರ್ಕಾರಿ ವಿಶ್ವವಿದ್ಯಾಲಯಗಳ ಸುದ್ದಿ ಓದಿದರೆ ಹೊಟ್ಟೆ ಉರಿಯುತ್ತದೆ. ಮೇಷ್ಟ್ರುಗಳು ನಿವೃತ್ತರಾದರೆ ಆ ಜಾಗ ಖಾಲಿಯೇ ಉಳಿಯುತ್ತದೆ. ಪಾಠದ ಹೊರೆ ಅತಿಥಿ ಉಪನ್ಯಾಸಕರ ಮೇಲೆ. ಅವರಿಗೆ ಮುಂದಿನ ವರ್ಷ ಕೆಲಸ ಇರುತ್ತದೋ ಇಲ್ಲವೋ ಗೊತ್ತಿಲ್ಲ. ಇನ್ನು ಅವರು ಹುಡುಗಿಯೊಬ್ಬಳ ದೊಡ್ಡಪ್ಪನ ಕಥೆಗೆ ಒಂದು ಗಂಟೆ ಕೊಡುವುದು ಹೇಗೆ? ಖಾಸಗಿಯವರು ಚೆನ್ನಾಗಿ ನಡೆಸುತ್ತಾರೆ, ಸರ್ಕಾರದ್ದು ಯಾಕೆ ಬೇಕು ಅಂತ ಕೇಳುವವರಿದ್ದಾರೆ. ಅವರನ್ನು ನಾನು ಒಂದೇ ಕೇಳುತ್ತೇನೆ. ಯಾವ ಖಾಸಗಿ ವಿಶ್ವವಿದ್ಯಾಲಯ ನಾಲ್ಕನೇ ಕ್ಲಾಸು ಓದಿದ ರೈತನಿಗಾಗಿ ನಕ್ಷತ್ರದ ಪುಸ್ತಕ ಅಚ್ಚು ಮಾಡಿಸುತ್ತದೆ?

ಕಳೆದ ವರ್ಷ ಅಣ್ಣನ ಮಗಳಿಗೆ ಗಂಗೋತ್ರಿಯಲ್ಲಿ ಎಂ.ಎಸ್ಸಿ. ಸೀಟು ಸಿಕ್ಕಿತು. ಭೌತಶಾಸ್ತ್ರ. ಸೇರಿಸಲು ನಾನೇ ಜೊತೆಗೆ ಹೋದೆ. ಫೀಸು ಕಟ್ಟಿ, ಹಾಸ್ಟೆಲಿನಲ್ಲಿ ಹಾಸಿಗೆ ಇಟ್ಟು, ಕೆರೆ ಏರಿ ಮೇಲೆ ಸ್ವಲ್ಪ ದೂರ ನಡೆದೆವು. ಹೆಜ್ಜಾರ್ಲೆಗಳು ಮರದ ಮೇಲೆ ಕೂತಿದ್ದವು. ನನ್ನ ಬ್ಯಾಗಿನಲ್ಲಿ ತಾತನ ಪುಸ್ತಕ ಇತ್ತು. ಅವಳಿಗೆ ಕೊಟ್ಟೆ. ಅವಳು ಅಲ್ಲೇ ಕಲ್ಲಿನ ಮೇಲೆ ಕೂತು ನಾಲ್ಕು ಪುಟ ಓದಿದಳು.

"ಅತ್ತೆ, ಇದರಲ್ಲಿ ಒಂದೆರಡು ಲೆಕ್ಕ ಈಗ ಬದಲಾಗಿದೆ. ಆದ್ರೆ ಎಷ್ಟು ಚೆನ್ನಾಗಿ ಹೇಳಿದ್ದಾರೆ ಅಲ್ವಾ?" ಅಂದಳು. ಪುಸ್ತಕವನ್ನು ದುಪಟ್ಟಾದ ತುದಿಯಲ್ಲಿ ಒರೆಸಿ ಬ್ಯಾಗಿನಲ್ಲಿ ಇಟ್ಟುಕೊಂಡಳು. ಆಮೇಲೆ ಕೇಳಿದಳು, "ಇಲ್ಲಿ ಲೈಬ್ರರಿ ರಾತ್ರಿ ಎಷ್ಟು ಗಂಟೆವರೆಗೂ ತೆಗೆದಿರ್ತಾರೆ?"

ಇಬ್ಬರೂ ಎದ್ದು ಆ ಕಡೆ ಹೊರಟೆವು.